ಕೋಟೆಯ ಮೇಲಿನ ತೊಟ್ಟಿಲು

ಆ ಕೋಟೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಲ್ಲಿ ಕಾವಲಿಗಿರುವ ಒಬ್ಬ ಒಳ್ಳೆಯ ಮನುಷ್ಯನಿಗೆ ಮೇಲಿನವರಿಂದ ಪ್ರಶ್ನೆ ಬರಬಹುದು. ಗಂಗಾವತಿಯ ಕಡೆ ಹೋಗುವಾಗ ದಾರಿಯ ಎರಡೂ ಬದಿಗೆ ಬಂಡೆಗುಡ್ಡಗಳು ಶುರುವಾಗುತ್ತವಲ್ಲ, ಅವುಗಳಲ್ಲಿ ಒಂದರ ಮೇಲಿದೆ ಎಂದಷ್ಟೇ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಗುಡ್ಡ ಕಂಡಲ್ಲೆಲ್ಲ ಯಾರಾದರೊಬ್ಬರು ಕೋಟೆ ಕಟ್ಟಿ ಹೋಗಿದ್ದಾರೆ. ಓದುಗರು ಹುಡುಕುತ್ತ ಅಲೆಯುವುದು ಬೇಡ.

ನಾನು ಮೊದಲು ತಾವರಗೇರಾದಲ್ಲಿ, ಆಮೇಲೆ ಕುಷ್ಟಗಿಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಇತಿಹಾಸ ಕಲಿಸಿ ನಿವೃತ್ತನಾದವನು. ತಪ್ಪು ಕಂಡರೆ ತಿದ್ದದೆ ಇರಲಾಗದ ರೋಗ ನನಗಿದೆ. ಯಾವ ಕೋಟೆಗೆ ಹೋದರೂ ಅಲ್ಲಿನ ಗೈಡಿನ ಜೊತೆ ನನ್ನದೊಂದು ಜಗಳ ಆಗಲೇಬೇಕು. ಅವನು ಅನಂತಶಯನನ ಗುಡಿಯನ್ನು ಶಿವನ ಗುಡಿ ಎಂದರೆ, ಸುಲ್ತಾನನ ಕಮಾನನ್ನು ರಾಯರ ಕಮಾನು ಎಂದರೆ ನನಗೆ ಊಟ ಸೇರುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನನ್ನ ಹೆಂಡತಿ ಆಸೆ ಬಿಟ್ಟು ಬಹಳ ಕಾಲವಾಯಿತು.

"ಅಲ್ರೀ, ಸತ್ತ ರಾಜರ ಸಲುವಾಗಿ ಇರೋ ಮಂದಿ ಕೂಡ ಯಾಕ ಜಗಳ ತೆಗಿತೀರಿ? ಆ ರಾಜರೇನ್ ಬಂದು ನಿಮಗ ಶಾಭಾಶ್ ಅಂತಾರೇನು?" ಎಂದು ಅವಳು ಕೇಳುತ್ತಾಳೆ.

ಈ ಸಲ ಕೋಟೆಗೆ ಹೋಗೋಣ ಎಂದವಳು ಅವಳೇ. ಅವಳು ಹೋಗಬೇಕೆಂದದ್ದು ಕೋಟೆ ನೋಡಲಿಕ್ಕಲ್ಲ. ಅಲ್ಲಿನ ಮ್ಯೂಸಿಯಂನಲ್ಲಿ ನಮ್ಮ ಮನೆಯ ತೊಟ್ಟಿಲು ಇದೆ. ಆ ತೊಟ್ಟಿಲಲ್ಲಿ ಒಂದು ಕಲ್ಲು ಇಟ್ಟು ಬರಬೇಕಾಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಚೊಚ್ಚಲ ಕೂಸಿನ ತೊಟ್ಟಿಲು ತಾಯಿಯ ತವರುಮನೆಯಿಂದ ಬರುತ್ತದೆ. ನನ್ನ ಮಾವ ಕಿನ್ನಾಳಕ್ಕೆ ಹೋಗಿ, ಅಲ್ಲಿನ ಚಿತ್ರಗಾರರ ಅಂಗಳದಲ್ಲಿ ಕೂತು, ಹೇಳಿ ಹೇಳಿ ಒಂದು ತೊಟ್ಟಿಲು ಮಾಡಿಸಿಕೊಂಡು ಬಂದಿದ್ದರು. ಎಲ್ಲರ ತೊಟ್ಟಿಲಿಗೂ ಗಿಳಿ, ಕಮಲ ಇರುತ್ತವೆ. ಇದಕ್ಕೆ ಅವುಗಳ ಜೊತೆಗೆ ಆನೆಗಳನ್ನೂ ಛತ್ರಿ ಹಿಡಿದವರನ್ನೂ ಬರೆಸಿದ್ದರು. "ನನ್ನ ಮೊಮ್ಮಗ ಅರಸನಂಗ ಮಲಗ್ಲಿ" ಎಂದು ಅವರ ಆಸೆ. ಮಾವ ಹೊಲ ಮಾಡಿಕೊಂಡಿದ್ದ ಮನುಷ್ಯ, ಅರಸರನ್ನು ಬಯಲಾಟದಲ್ಲಿ ಬಿಟ್ಟರೆ ಎಲ್ಲಿಯೂ ಕಂಡವರಲ್ಲ.

ತೊಟ್ಟಿಲಿಗೆ ಹಾಕುವ ದಿನ ಮೊದಲು ಕೂಸನ್ನು ಮಲಗಿಸುವುದಿಲ್ಲ. ಒಳ್ಳಿನಲ್ಲಿ ರುಬ್ಬುವ ಗುಂಡಕಲ್ಲನ್ನು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಹೊಸ ಬಟ್ಟೆ ಸುತ್ತಿ ಅದನ್ನು ಮೊದಲು ಮಲಗಿಸುತ್ತಾರೆ. ಹೆಂಗಸರು ಕಲ್ಲನ್ನೇ ಕೂಸೆಂದು ಹಾಡಿ ತೂಗುತ್ತಾರೆ. ಬರುವ ಕೇಡನ್ನೆಲ್ಲ ಕಲ್ಲು ತಗೊಳ್ಳಲಿ, ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ಆಮೇಲೆ ಕಲ್ಲು ತೆಗೆದು ಕೂಸನ್ನು ಹಾಕುತ್ತಾರೆ. ನಮ್ಮ ಮಗನಿಗೂ ಇದೆಲ್ಲ ಆಯಿತು. ನನ್ನ ಅವ್ವ ಆ ಕಲ್ಲಿಗೆ ಕೂಸಿನ ತಲೆಗೆ ಹಾಕುವ ಕುಲಾವಿ ಕೂಡ ತೊಡಿಸಿದ್ದಳು.

ವರ್ಷ ತುಂಬುವ ಮೊದಲೇ ಅವನಿಗೆ ಜ್ವರ ಬಂತು. ಕೊಪ್ಪಳಕ್ಕೆ ಒಯ್ದೆವು. ಅಲ್ಲಿ ಹುಬ್ಬಳ್ಳಿಗೆ ಒಯ್ಯಿರಿ ಅಂದರು. ಹುಬ್ಬಳ್ಳಿ ಮುಟ್ಟಲಿಲ್ಲ.

ಅಷ್ಟು ಸಣ್ಣ ಕೂಸಿಗೆ ನಮ್ಮಲ್ಲಿ ಸಮಾಧಿ ಕಟ್ಟುವುದಿಲ್ಲ, ಗುರುತಿಗೆ ಕಲ್ಲೂ ಇಡುವುದಿಲ್ಲ. ವರ್ಷ ತುಂಬದೆ ಫೋಟೋ ತೆಗೆಸಬಾರದೆಂದು ಅವ್ವ ಹೇಳಿದ್ದರಿಂದ ಫೋಟೋ ಕೂಡ ಇಲ್ಲ. ಉಳಿದದ್ದು ಆ ತೊಟ್ಟಿಲು ಒಂದೇ. ಮಣ್ಣು ಮಾಡಿ ಬಂದ ದಿನ ಅವ್ವ ಅಡುಗೆಮನೆಗೆ ಹೋಗಿ ಆ ಗುಂಡಕಲ್ಲನ್ನು ತಂದು ತೊಟ್ಟಿಲಲ್ಲಿಟ್ಟಳು. ಖಾಲಿ ತೊಟ್ಟಿಲು ತೂಗಾಡಬಾರದು, ಅದು ಮನೆಗೂ ಒಳ್ಳೆಯದಲ್ಲ, ಹೋದ ಕೂಸಿಗೂ ಒಳ್ಳೆಯದಲ್ಲ ಎಂದು ನಮ್ಮ ಹಿರಿಯರ ನಂಬಿಕೆ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಆ ಕಲ್ಲು ಅಲ್ಲಿದ್ದುದರಿಂದ ನನಗೂ ಒಂದು ಸಮಾಧಾನವಿತ್ತು.

ಮೊದಲೆಲ್ಲ ನಮ್ಮ ಓಣಿಯಲ್ಲಿ ಒಂದು ಮನೆಯ ತೊಟ್ಟಿಲು ಹತ್ತು ಮನೆಗೆ ಓಡಾಡುತ್ತಿತ್ತು. ನಮ್ಮ ತೊಟ್ಟಿಲನ್ನು ಮಾತ್ರ ಆಮೇಲೆ ಯಾರೂ ಕೇಳಲಿಲ್ಲ. ಕೇಳಲಿಲ್ಲವೆಂದು ನಾವು ಸಿಟ್ಟಾಗಲಿಲ್ಲ, ನಾವಾದರೂ ಕೇಳುತ್ತಿರಲಿಲ್ಲ. ಮುಂದೆ ಹುಟ್ಟಿದ ಮಗಳು ಸೀರೆಯ ಜೋಳಿಗೆಯಲ್ಲಿ ಬೆಳೆದಳು. ಅವಳ ಮಕ್ಕಳಿಗೆ ಕೊಪ್ಪಳದ ಅಂಗಡಿಯಿಂದ ಸ್ಟೀಲಿನ ತೊಟ್ಟಿಲು ಬಂತು.

ಕೆಲವು ವರ್ಷದ ಹಿಂದೆ ಕೋಟೆಯ ಮೇಲೆ ಈ ಸೀಮೆಯ ಇತಿಹಾಸದ ಮ್ಯೂಸಿಯಂ ಮಾಡುತ್ತೇವೆಂದು ಒಂದಷ್ಟು ಜನ ಊರೂರು ತಿರುಗಿ ಹಳೆಯ ಸಾಮಾನು ಕೂಡಿಸಿದರು. ನಮ್ಮ ಮನೆಗೂ ಬಂದರು. ನಾನು ಹಳೆಯ ಸೇರು, ಪಾವು ತೆಗೆದುಕೊಟ್ಟೆ. ಆಗ ಹೆಂಡತಿ ತಾನಾಗಿಯೇ ಅಟ್ಟದ ಕಡೆ ಕೈ ತೋರಿಸಿ, "ಅಲ್ಲೊಂದು ತೊಟ್ಲ ಐತಿ, ಅದನ್ನೂ ಒಯ್ರಿ. ಇಲ್ಲಿದ್ರ ಯಾರೂ ಮುಖ ಎತ್ತಿ ನೋಡಂಗಿಲ್ಲ, ಅಲ್ಲೆ ನಾಕ ಮಂದಿ ಆದ್ರೂ ನೋಡ್ತಾರ" ಅಂದಳು. ಬಂದ ಹುಡುಗರು ತೊಟ್ಟಿಲು ಇಳಿಸಿದರು. ಒಳಗಿದ್ದ ಕಲ್ಲನ್ನು ಎತ್ತಿ ಹೊಸ್ತಿಲ ಬದಿಗಿಟ್ಟು, "ಇದ್ಯಾಕ್ರಿ ಯಮ್ಮಾ, ಸುಮ್ನ ಭಾರ" ಎಂದು ಹೋದರು. ಅವಳು ಅದನ್ನು ಒಳಗೊಯ್ದು ದೇವರ ಜಗಲಿಯ ಕೆಳಗಿಟ್ಟುಕೊಂಡಳು.

ಇಷ್ಟಾಗಿ ಸುಮ್ಮನಿದ್ದೆವು. ಹೋದ ಚಳಿಗಾಲದಲ್ಲಿ ಪಕ್ಕದ ಮನೆಯ ಟೀಚರು ಸಾಲಿಯ ಮಕ್ಕಳನ್ನು ಕರೆದುಕೊಂಡು ಆ ಕೋಟೆಗೆ ಹೋಗಿ ಬಂದು, ನಮ್ಮ ತೊಟ್ಟಿಲು ನೋಡಿದೆನೆಂದು ಸಂತೋಷದಿಂದಲೇ ಹೇಳಿದರು. "ಭಾಳ ಛಂದ ಕಟ್ಯಾರ್ರಿ ಅಕ್ಕಾ. ಹುಡುಗ್ರು ಜೀಕಿ ಜೀಕಿ ಬಿಡಾಕತ್ತಿದ್ವು, ನಾನ ಬೈದೆ." ಅವತ್ತಿನಿಂದ ನನ್ನ ಹೆಂಡತಿಗೆ ನಿದ್ದೆ ಹಾರಿತು. ತಟ್ಟೆಗೆ ಹಾಕಿಕೊಂಡ ರೊಟ್ಟಿ ಅರ್ಧಕ್ಕೇ ನಿಲ್ಲುತ್ತಿತ್ತು. ಕಡೆಗೊಂದು ದಿನ ಅಂದಳು:

"ಖಾಲಿ ತೂಗಾಕತ್ತಾರ್ರಿ ಅದನ್ನ. ಕಲ್ಲ ಕೊಟ್ಟ ಬರೋಣು."

"ಅದು ಸರಕಾರದ ಮ್ಯೂಸಿಯಂ. ಅದರಾಗ ನಾವು ಕಲ್ಲು ಮಣ್ಣು ಇಡಾಕ ಬರೂದಿಲ್ಲ" ಎಂದೆ.

"ಇಡಾಕ ಬರ್ಲಿಲ್ಲಂದ್ರ ತೊಟ್ಲ ಇಳಿಸ್ರಿ ಅಂತೀನಿ. ಕೂಸ ಹ್ವಾದ ಮ್ಯಾಲೂ ನೆಮ್ಮದಿ ಬ್ಯಾಡೇನು ಅದಕ್ಕ?"

ಇಷ್ಟು ವರ್ಷದಲ್ಲಿ ಅವಳು ಕೂಸಿನ ಮಾತು ಬಾಯಿಬಿಟ್ಟು ಆಡಿದ್ದು ಬಹಳ ಅಪರೂಪ. ನಾನು ಚೀಲ ಹುಡುಕಲು ಎದ್ದೆ.

ಎಳ್ಳಮವಾಸ್ಯೆ ಮುಗಿದಿತ್ತು, ಹೊಲಗಳಲ್ಲಿ ಜೋಳ ಹಾಲುಗಾಳು ಹಿಡಿದಿತ್ತು. ಅವಳು ಸಜ್ಜಿ ರೊಟ್ಟಿ, ಪುಂಡಿಪಲ್ಯ ಬುತ್ತಿ ಕಟ್ಟಿಕೊಂಡಳು, ನಾನು ಕಲ್ಲಿನ ಚೀಲ ಹೊತ್ತೆ. ಕುಷ್ಟಗಿಯಿಂದ ಕೊಪ್ಪಳಕ್ಕೆ ಬಂದು ಅಲ್ಲಿ ಗಂಗಾವತಿ ಬಸ್ಸು ಹಿಡಿದೆವು. ಚೀಲವನ್ನು ಕಾಲ ಬಳಿ ಇಟ್ಟಾಗ ದಡ್ಡೆಂದು ಸಪ್ಪಳವಾಯಿತು. ಕಂಡಕ್ಟರ್ ತಿರುಗಿ ನೋಡಿದ.

"ಏನ್ರಿ ಅಜ್ಜಾರ, ಚೀಲದಾಗ ಏನೈತಿ?"

"ಕಲ್ಲ ಐತಪಾ."

"ಎಲ್ಲಿಗೆ ಹೊಂಟೀರಿ?"

"ಕೋಟಿಗೆ."

"ಅಲ್ಲೆ ಕಲ್ಲಿಗೆ ಬರ ಬಂದೈತೇನ್ರಿ?" ಎಂದು ಅವನು ಟಿಕೇಟು ಹರಿದುಕೊಟ್ಟ. ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಹೆಂಡತಿ ನಗಲಿಲ್ಲ. ಗಿಣಿಗೇರಾದಲ್ಲಿ ಪಾಳಿ ಮುಗಿಸಿದ ಕಾರ್ಖಾನೆಯ ಹುಡುಗರು ಹತ್ತಿ ನಿಂತುಕೊಂಡರು. ಅವರ ಶರ್ಟಿನ ಮೇಲೆಲ್ಲ ಕೆಂಪು ದೂಳು. ನಮ್ಮ ಪಕ್ಕ ನಿಂತವನನ್ನು ಅವಳು ಬಹಳ ಹೊತ್ತು ನೋಡಿದಳು. ಅವನ ವಯಸ್ಸು ಎಷ್ಟೆಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾಳೆಂದು ನನಗೆ ಗೊತ್ತು. ಗಂಡಸರನ್ನು ಕಂಡಾಗಲೆಲ್ಲ ಅವಳದು ಇದೇ ಲೆಕ್ಕ, ನಮ್ಮವನು ಇದ್ದಿದ್ದರೆ ಇವನಿಗಿಂತ ಹಿರಿಯನೋ ಕಿರಿಯನೋ ಎಂದು. ನನ್ನದೂ ಅದೇ ಲೆಕ್ಕ, ನಾನು ಹೇಳಿಕೊಳ್ಳುವುದಿಲ್ಲ ಅಷ್ಟೇ.

ಗುಡ್ಡ ಹತ್ತುವುದು ಅವಳ ಮೊಣಕಾಲಿಗೆ ಆಗುವ ಕೆಲಸವಾಗಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ಕೂತಳು. ಬಾಗಿಲುಗಳನ್ನು ಹೀಗೇಕೆ ಸೊಟ್ಟಗೆ ಕಟ್ಟಿದ್ದಾರೆ, ಆನೆ ಓಡಿ ಬಂದು ಗುದ್ದಲಾರದ ಹಾಗೆ ದಾರಿಯನ್ನು ಹೇಗೆ ತಿರುಗಿಸಿದ್ದಾರೆ ಎಂದು ನಾನು ಹೇಳಲು ಹೋದೆ. "ಈಗ ಪಾಠ ಬ್ಯಾಡ್ರಿ, ಉಸಿರ ಬಿಡ್ರಿ" ಅಂದಳು. ಕೋಟೆ ಕಟ್ಟಿದವರು ಕೆಳಗಿನಿಂದ ಹೊತ್ತ ಕಲ್ಲು ಸಾಲದೆಂದು ನಾನೂ ಒಂದನ್ನು ಹೊತ್ತು ಬೆವರುತ್ತಿದ್ದೆ. ಮೇಲೆ ಹೋದಂತೆ ಗಾಳಿ ಜೋರಾಯಿತು. ಕೆಳಗೆ ಕಾಲುವೆಯ ಬದಿಗೆ ಭತ್ತದ ಗದ್ದೆ ಹಸಿರಾಗಿತ್ತು, ನಮ್ಮ ಕುಷ್ಟಗಿಯ ಕಡೆ ಕಣ್ಣಿಗೆ ಸಿಗದ ಬಣ್ಣ ಅದು.

ಹಿಂದೆ ದವಸ ತುಂಬುತ್ತಿದ್ದ ಉದ್ದನೆಯ ಕಲ್ಲಿನ ಕಣಜವನ್ನೇ ಮ್ಯೂಸಿಯಂ ಮಾಡಿದ್ದರು. ಬಾಗಿಲಲ್ಲಿ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಸ್ಟೂಲಿನ ಮೇಲೆ ಕೂತಿದ್ದ. ತಲೆಗೆ ಬಿಳಿ ಟೊಪ್ಪಿ, ಮೈಮೇಲೆ ಖಾಕಿ ಶರ್ಟು. ಅವತ್ತು ನಮ್ಮನ್ನು ಬಿಟ್ಟರೆ ಬೇರೆ ಯಾರೂ ಬಂದಿರಲಿಲ್ಲ. ಎದ್ದು ಬಂದು ಅವಳಿಗೆ ನೀರು ಕೊಟ್ಟು, ತನ್ನ ಸ್ಟೂಲನ್ನೇ ಮುಂದೆ ಸರಿಸಿದ. ಆಮೇಲೆ ದೀಪ ಹಾಕಿ ತಾನೇ ತೋರಿಸುತ್ತ ಬಂದ.

ತೋರಿಸಿದ ಎನ್ನುವುದಕ್ಕಿಂತ ಕಥೆ ಕಟ್ಟಿದ ಎನ್ನಬೇಕು. ಮಾಸ್ತಿಕಲ್ಲನ್ನು ರಾಣಿಯ ಮೂರ್ತಿ ಅಂದ. ನಿಜಾಮರ ಕಾಲದ ಪೊಲೀಸರ ಕತ್ತಿಯನ್ನು ಯುದ್ಧದಲ್ಲಿ ಗೆದ್ದ ಕತ್ತಿ ಅಂದ. ಬೀಜ ಬಿತ್ತುವ ಕೂರಿಗೆಯ ಬಟ್ಟಲನ್ನು ಅರಸರು ಕೈ ತೊಳೆಯುತ್ತಿದ್ದ ಬಟ್ಟಲು ಎಂದಾಗ ನನ್ನ ಗಂಟಲಿಗೆ ಮಾತು ಬಂದೇ ಬಿಟ್ಟಿತ್ತು. ಹೆಂಡತಿ ನನ್ನ ತೋಳು ಹಿಡಿದಳು. ಅವಳ ಕಣ್ಣು ಮಾತ್ರ ಒಳಗಿನ ಕೋಣೆಯ ಕಡೆಗೇ ಇತ್ತು.

ಕಡೆಯ ಕೋಣೆಯಲ್ಲಿ ಒಂದು ಬದಿಗೆ ತೋಪಿಗೆ ತುಂಬುತ್ತಿದ್ದ ದುಂಡನೆಯ ಕಲ್ಲುಗಳನ್ನು ರಾಶಿ ಹಾಕಿದ್ದರು. ಇನ್ನೊಂದು ಬದಿಗೆ, ತೊಲೆಯಿಂದ ಹಿತ್ತಾಳೆ ಸರಪಣಿಯಲ್ಲಿ, ನಮ್ಮ ತೊಟ್ಟಿಲು. ದೂಳು ಒರೆಸಿ ಚೆನ್ನಾಗಿಟ್ಟಿದ್ದರು. ನಮ್ಮ ಅಟ್ಟದ ಕತ್ತಲಲ್ಲಿ ಮಂಕಾಗಿದ್ದ ಆನೆಗಳು ದೀಪದ ಬೆಳಕಿಗೆ ಹೊಳೆಯುತ್ತಿದ್ದವು. ಕಿಟಕಿಯಿಂದ ಗಾಳಿ ಬಂದಾಗ ತೊಟ್ಟಿಲು ತನ್ನಷ್ಟಕ್ಕೆ ಸ್ವಲ್ಪ ತೂಗುತ್ತಿತ್ತು. ಒಳಗೆ ಏನೂ ಇರಲಿಲ್ಲ.

ಮುಂದೆ ಹಗ್ಗ ಕಟ್ಟಿ, ಒಂದು ಫಲಕ ನಿಲ್ಲಿಸಿದ್ದರು. "ಕೋಟೆಯ ಅರಸು ಮನೆತನದ ತೊಟ್ಟಿಲು" ಎಂದು ಅದರಲ್ಲಿತ್ತು.

ಎರಡನೆಯ ಸಲ ಓದಿದೆ. ಆನೆ, ಛತ್ರಿ ನೋಡಿ ಯಾರೋ ಹಾಗೆಂದು ತಿಳಿದುಕೊಂಡಿರಬೇಕು. ಈ ಕೋಟೆಯ ಅರಸರು ಅಳಿದು ಎಷ್ಟೋ ತಲೆಮಾರಿನ ಮೇಲೆ ಮಾಡಿದ ತೊಟ್ಟಿಲಿದು. ಇದನ್ನು ಟೆಂಪೋದಿಂದ ಇಳಿಸಿಕೊಂಡವನು ನಾನು. ಇದರ ಸರಪಣಿಗೆ ಎಣ್ಣೆ ಹಾಕಿದವನು ನಾನು. ಸಿಟ್ಟು ನೆತ್ತಿಗೇರಿತು. ನನ್ನ ಮಗನಿಗೆ ಈ ಲೋಕದಲ್ಲಿ ಇದ್ದ ಒಂದೇ ಗುರುತನ್ನು ಯಾವನೋ ಅರಸನಿಗೆ ಕೊಟ್ಟುಬಿಟ್ಟಿದ್ದರು. ಬೇರೆಲ್ಲ ತಪ್ಪು ಹಾಳಾಗಿ ಹೋಗಲಿ, ಇದನ್ನು ತಿದ್ದಿಸದೆ ಗುಡ್ಡ ಇಳಿಯುವುದಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ಕಾವಲಿನವನು ಕೈ ಚಾಚಿ ಗಿಳಿಯನ್ನು ತೋರಿಸಿದ. ಗಿಳಿಯ ಕೊಕ್ಕಿನ ಬಣ್ಣ ಚಕ್ಕೆ ಎದ್ದು ಕಟ್ಟಿಗೆ ಕಾಣುತ್ತಿತ್ತು.

"ಇಲ್ಲಿ ನೋಡ್ರಿ ಯವ್ವಾ. ಸಣ್ಣ ರಾಜಕುಮಾರ ಭಾಳ ತುಂಟ ಇದ್ದನಂತ. ಮಲಕ್ಕೊಂಡಲ್ಲೇ ಆಟದ ಕತ್ತಿ ತಗೊಂಡು ಗಿಣಿಗೆ ಹೊಡದಾನ."

"ಕತ್ತಿ ಅಲ್ರಿ" ಎಂದಳು ನನ್ನ ಹೆಂಡತಿ, ಬಹಳ ಸಣ್ಣ ದನಿಯಲ್ಲಿ. "ಗಿಲಕಿ. ಹಿತ್ತಾಳಿ ಗಿಲಕಿ. ಎಡಗೈಲೆ ಹೊಡಿತಿದ್ದ."

ಅವಳು ಚೀಲ ಬಿಚ್ಚಿ ಕಲ್ಲನ್ನು ಹೊರಗೆ ತೆಗೆದಳು. ಅವನು ಗಾಬರಿಯಾಗಿ ಆ ಬದಿಯ ತೋಪಿನ ಕಲ್ಲಿನ ರಾಶಿಯನ್ನೂ ಈ ಕಲ್ಲನ್ನೂ ನೋಡಿ, "ಯವ್ವಾ, ಅದನ್ನ ಯಾಕ ಎತ್ತಿದ್ರಿ? ಎಲ್ಲಾ ಎಣಿಸಿ ಇಟ್ಟಾವ್ರಿ ಅವು" ಅಂದ. ರಾಶಿಯಿಂದ ಒಂದನ್ನು ಕದ್ದು ಚೀಲಕ್ಕೆ ಹಾಕಿಕೊಂಡಿದ್ದಳೆಂದು ಅವನು ತಿಳಿದಿದ್ದ.

"ಇದು ನಮ್ಮನಿ ಒಳ್ಳಿನ ಕಲ್ಲಪಾ. ಇದಕ್ಕ ಅರಿಷಿಣ ಹಚ್ಚೈತಿ ನೋಡು. ಖಾಲಿ ತೊಟ್ಲ ತೂಗಾಡಬಾರದು. ಇದನ್ನ ಅದರಾಗ ಇಡಾಕ ಬಿಡು, ನಿನಗ ಪುಣ್ಯ ಬರ್ತೈತಿ."

ಅವನು ನನ್ನ ಮುಖ ನೋಡಿದ. ನಾನು ಆಗಲೇ ಫಲಕದತ್ತ ಬೆರಳು ಎತ್ತಿದ್ದೆ, ಹೇಳಬೇಕಾದ ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು. ನನ್ನ ಮುಖದಲ್ಲಿ ಅವನಿಗೆ ಏನು ಕಂಡಿತೋ ಗೊತ್ತಿಲ್ಲ. ಆ ಕಡೆ ತಿರುಗಿ, ಕಟ್ಟಿದ್ದ ಹಗ್ಗದ ಒಂದು ತುದಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ನಮ್ಮ ಅಮ್ಮಿನೂ ಹಂಗ ಅಂತಿದ್ಲು. ಖಾಲಿ ಝೂಲಾ ತೂಗಬ್ಯಾಡ್ರಿ ಅಂತ ನಮಗ ಬಡಿತಿದ್ಲು" ಅಂದ. "ಇಡ್ರಿ ಯವ್ವಾ. ಸಾಹೇಬ್ರು ಕೇಳಿದ್ರ ನಾ ಏನರ ಹೇಳ್ಕೊತೀನಿ."

ಅವಳು ಸೀರೆಯ ಸೆರಗಿನಿಂದ ಕಲ್ಲನ್ನು ಒರೆಸಿದಳು. ಬ್ಲೌಜಿನಿಂದ ಒಂದು ಮಡಚಿದ ಬಟ್ಟೆ ತೆಗೆದು ಅದಕ್ಕೆ ಸುತ್ತಿದಳು. ಅದು ನಮ್ಮ ಕೂಸಿನ ಕುಲಾವಿಯ ಬಟ್ಟೆ, ಅವಳು ಅದನ್ನು ಇಟ್ಟುಕೊಂಡಿದ್ದಳೆಂದು ನನಗೇ ಗೊತ್ತಿರಲಿಲ್ಲ. ಒಂದು ಕೈಯನ್ನು ಕೆಳಗೆ ಕೊಟ್ಟು, ಇನ್ನೊಂದನ್ನು ಮೇಲಿಟ್ಟು ಮಲಗಿಸಿದಳು. ಕಲ್ಲಿಗೆ ಕುತ್ತಿಗೆ ಇರುವುದಿಲ್ಲ, ಆದರೂ ಕುತ್ತಿಗೆಗೆ ಆಸರೆ ಕೊಡುವ ಹಾಗೆಯೇ ಕೈಯನ್ನು ಮೆಲ್ಲಗೆ ಹೊರಗೆ ತೆಗೆದಳು. ಗಾಳಿಗೆ ಅಲುಗುತ್ತಿದ್ದ ತೊಟ್ಟಿಲು ಆ ಭಾರಕ್ಕೆ ನಿಂತಿತು. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಆಮೇಲೆ ಅವಳು ಕಾವಲಿನವನ ಕಡೆ ತಿರುಗಿದಳು. ಅವಳಿಗೆ ಓದು ಬರುತ್ತದೆ, ಫಲಕವನ್ನು ಅವಳೂ ಓದಿದ್ದಳು. ಅವಳು ಅದು ತಪ್ಪು ಎನ್ನಲಿಲ್ಲ.

"ಅಲ್ಲಪಾ, ಈ ತೊಟ್ಲದಾಗ ಮಲಗಿದ್ದ ರಾಜಕುಮಾರ..." ಎಂದು ಸ್ವಲ್ಪ ತಡೆದಳು. "ಅವ ದೊಡ್ಡಾವ ಆದ್ನೇನು?"

ಅಲ್ಲಿಯವರೆಗೆ ಪಟಪಟನೆ ಕಥೆ ಹೇಳಿದವನು ಈಗ ತೊಟ್ಟಿಲಿನ ಹತ್ತಿರ ಬಂದ. ಬಟ್ಟೆ ಸುತ್ತಿದ ಕಲ್ಲನ್ನು ನೋಡಿದ. ಗಿಳಿಯ ಕೊಕ್ಕನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತೆಂದು ನನಗನ್ನಿಸಿತು. ಟೊಪ್ಪಿ ಸರಿಮಾಡಿಕೊಂಡು, ಒಂದೊಂದೇ ಮಾತು ಹೇಳಿದ:

"ಆದ್ರಿ ಯವ್ವಾ. ಭಾಳ ದೊಡ್ಡಾವ ಆದ. ಆನಿ ಏರ್ಯಾನ, ಮದುವಿ ಆಗ್ಯಾನ, ಮಕ್ಕಳು ಮರಿ ಕಂಡಾನ. ಈ ಕೋಟಿಯಾಗ ಅವನಷ್ಟು ವರ್ಷ ಬಾಳಿದಾವ ಮತ್ತ ಯಾರೂ ಇಲ್ರಿ. ತಲಿ ಎಲ್ಲಾ ಬೆಳ್ಳಗಾಗಿ, ಮುದುಕ ಆಗಿ, ನಿದ್ದ್ಯಾಗ ಹ್ವಾದ."

"ತಾಯಿ?"

"ತಾಯಿ ಮೊದಲ ಹ್ವಾದ್ಲರಿ. ಅವನ ತೊಡಿ ಮ್ಯಾಲೆ ತಲಿ ಇಟ್ಟು."

ಅವಳು "ಛಲೋ ಆತು" ಅಂದಳು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಮಗ ಹೋದ ದಿನವೂ ಅಳದಷ್ಟು ಅತ್ತಳು. ನಾನು ಎತ್ತಿದ್ದ ಬೆರಳನ್ನು ಇಳಿಸಿ ಅವಳ ಹೆಗಲ ಮೇಲೆ ಕೈ ಇಟ್ಟೆ. ಕಾವಲಿನವನು ಹೊರಗೆ ಹೋಗಿ ಬಾಗಿಲ ಬಳಿ ನಮಗೆ ಬೆನ್ನು ಮಾಡಿ ನಿಂತ.

ಕೋಟೆಗೋಡೆಯ ನೆರಳಲ್ಲಿ ಮೂವರೂ ಬುತ್ತಿ ಬಿಚ್ಚಿ ಉಂಡೆವು. ಅವಳು ಒಂದು ರೊಟ್ಟಿ ಪೂರ್ತಿ ತಿಂದು, ಇನ್ನೊಂದನ್ನು ಅವನ ತಟ್ಟೆಗೆ ಬೇಡವೆಂದರೂ ಹಾಕಿದಳು. ಹೊರಡುವಾಗ ಅವನು, "ದಿನಾ ಒರಸ್ತೀನ್ರಿ ಯವ್ವಾ, ಯಾರನೂ ಮುಟ್ಟಗೊಡಂಗಿಲ್ಲ" ಅಂದ.

ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ನಾನು ಮುಂದೆ ಇಳಿಯುತ್ತಿದ್ದೆ. ಅವಳು ನನ್ನ ಹೆಗಲು ಹಿಡಿದು ಹಿಂದೆ ಬರುತ್ತಿದ್ದಳು. ಸೊಟ್ಟ ಬಾಗಿಲು ದಾಟಿದ ಮೇಲೆ ನಿಂತು, ಉಸಿರು ತಗೊಂಡಳು.

"ಮುದುಕ ಆಗಿದ್ದನಂತ ನೋಡ್ರಿ" ಅಂದಳು.

ಇತಿಹಾಸದಲ್ಲಿ ಒಂದು ತಪ್ಪನ್ನೂ ಬಿಡದೆ ತಿದ್ದಿದವನು ನಾನು.

"ಹೌದು" ಅಂದೆ. "ಆಗಿದ್ದ."